ಒಣ ಚರ್ಮಕ್ಕೆ ವ್ಯಾಸಲೀನ್ ಸಾಕು, ಮಾತ್ರೆಗೆ ರಕ್ತಪರೀಕ್ಷೆ ಬೇಕು

ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದರೂ ಪತ್ರ ಬರೆಯುವವರು ಈಗಲೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೇ ಬರೆಯುತ್ತಾರೆ. ಈ ಸಲ ನಾಲ್ಕೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂದಿದೆ: ಹೆಣ್ಣಾಗುವ ಹಾರ್ಮೋನ್ ಚಿಕಿತ್ಸೆಯಲ್ಲಿರುವವರ ಒಣ ಚರ್ಮ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕಿಲ್ಲ.

ಪ್ರಶ್ನೆ: ವಯಸ್ಸು 27. ಗೊಂಬೆ ಮಾಡುವ ಕೆಲಸ. ಎಂಟು ತಿಂಗಳಿಂದ ಬೆಂಗಳೂರಿನ ಡಾಕ್ಟರ ಚೀಟಿಯ ಮೇಲೆ ಎಸ್ಟ್ರಾಡಿಯಾಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಮುಖವೆಲ್ಲ ಜಿಡ್ಡು, ಮೊಡವೆ. ಈಗ ಅವು ಹೋದವು. ಆದರೆ ಮೊಣಕಾಲಿನ ಕೆಳಗೆ ಚರ್ಮ ಬಿರಿದು ಬಿಳಿ ಹೊಟ್ಟು ಉದುರುತ್ತಿದೆ. ಹೆಣ್ಣಿನ ಹಾರ್ಮೋನಿಗೆ ಚರ್ಮ ಮೃದುವಾಗಬೇಕಲ್ಲವೇ? ಮಾತ್ರೆ ಹೊಂದುತ್ತಿಲ್ಲವೇ? ನಿಲ್ಲಿಸಲೇ?
— ಚನ್ನಪಟ್ಟಣ

ಉತ್ತರ: ನಿಲ್ಲಿಸಬೇಡಿ. ಮಾತ್ರೆ ಕೆಲಸ ಮಾಡುತ್ತಿರುವುದಕ್ಕೇ ಹೀಗಾಗಿದೆ. ಚರ್ಮದೊಳಗಿನ ಒಂದೊಂದು ಎಣ್ಣೆ ಗ್ರಂಥಿಯೂ ಒಂದು ಪುಟ್ಟ ಗಾಣ. ಅದನ್ನು ತಿರುಗಿಸುವ ಎತ್ತು ಟೆಸ್ಟೋಸ್ಟಿರೋನ್. ನಿಮ್ಮ ಎರಡು ಮಾತ್ರೆ ಸೇರಿ ಆ ಎತ್ತಿನ ನೊಗ ಇಳಿಸಿವೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಈ ಬದಲಾವಣೆ ಕಾಣತೊಡಗುತ್ತದೆ. ಮೊಡವೆ ಹೋದದ್ದೂ ಅದಕ್ಕೇ, ಕಾಲು ಬಿರಿದದ್ದೂ ಅದಕ್ಕೇ. ಮೊಣಕಾಲಿನ ಕೆಳಗೆ ಗಾಣಗಳೇ ಕಡಿಮೆ, ಹಾಗಾಗಿ ಬಿರುಕು ಅಲ್ಲಿಂದಲೇ ಶುರು. ಚರ್ಮ ಮೃದುವಾಗುತ್ತದೆ ಎಂದು ನೀವು ಕೇಳಿದ್ದೂ ಸುಳ್ಳಲ್ಲ. ಆದರೆ ಮೃದುತನ ಬೇರೆ, ಜಿಡ್ಡು ಬೇರೆ. ಜಿಡ್ಡನ್ನು ಇನ್ನು ಮುಂದೆ ನೀವೇ ಹೊರಗಿನಿಂದ ಕೊಡಬೇಕು.

ಹೇಗೆ ಕೊಡಬೇಕೆಂದು ಗೊಂಬೆ ಮಾಡುವ ನಿಮಗೆ ಹೇಳಿಕೊಡುವುದು ಸುಲಭ. ಪಟ್ಟಡೆಯಲ್ಲಿ ಮರ ತಿರುಗುತ್ತಾ ಬಿಸಿಯಾದಾಗಲೇ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ತಾಳೆಗರಿ ಒತ್ತಿದರೆ ಹೊಳಪು. ತಣ್ಣಗಿನ ಮರಕ್ಕೆ ಅರಗು ಹಿಡಿಯುವುದಿಲ್ಲ. ಚರ್ಮಕ್ಕೂ ಅಂಥ ಒಂದು ಗಳಿಗೆ ಇದೆ: ಸ್ನಾನ ಮುಗಿದು, ಟವೆಲಿನಿಂದ ಒತ್ತಿಕೊಂಡು, ಮೈ ಇನ್ನೂ ತೇವವಾಗಿರುವ ಮೊದಲ ಮೂರು ನಿಮಿಷ. ಆಗ ಹಚ್ಚಿದ್ದು ನೀರನ್ನು ಒಳಗೇ ಹಿಡಿದಿಡುತ್ತದೆ. ಪೂರ್ತಿ ಒಣಗಿದ ಮೇಲೆ ಬಟ್ಟೆ ಹಾಕಿಕೊಂಡು, ಕಾಫಿ ಕುಡಿದು, ನೆನಪಾದಾಗ ಹಚ್ಚಿದರೆ ಅಷ್ಟು ಪ್ರಯೋಜನವಿಲ್ಲ.

ಏನು ಹಚ್ಚಬೇಕು? ವಾಸನೆಯಿಲ್ಲದ ಸಾದಾ ವ್ಯಾಸಲೀನ್ ಸಾಕು. ಅಂಟಂಟು ಎನಿಸಿದರೆ ಗ್ಲಿಸರಿನ್ ಇರುವ ಸಾದಾ ಲೋಷನ್. ಬಿರಿದ ಕಾಲಿಗೆ ರಾತ್ರಿ ಹೊತ್ತು ಶೇಕಡ 10ರ ಯೂರಿಯಾ ಕ್ರೀಮ್. ಅದನ್ನು ಮುಖಕ್ಕೆ ಹಚ್ಚಬೇಡಿ, ರಕ್ತ ಒಸರುವ ಬಿರುಕಿಗೂ ಬೇಡ, ಉರಿಯುತ್ತದೆ. ಕೊಬ್ಬರಿ ಎಣ್ಣೆ ಮೈಗೆ ಒಳ್ಳೆಯದೇ. ಮೊಡವೆಯ ಚಾಳಿಯಿದ್ದ ಮುಖಕ್ಕೆ ಮಾತ್ರ ಬೇಡ. ಇಡೀ ಮೈಗೆ ಒಂದು ಸಲಕ್ಕೆ 20ರಿಂದ 30 ಗ್ರಾಂ ಬೇಕು. ಐವತ್ತು ಗ್ರಾಂ ಡಬ್ಬಿ ಎರಡು ತಿಂಗಳು ಬಂತು ಎನ್ನುವವರು ಅದನ್ನು ಹಚ್ಚಿಲ್ಲ, ಮುಟ್ಟಿ ನೋಡಿದ್ದಾರೆ ಅಷ್ಟೆ.

ಮರದ ಪುಡಿ ಮೈಮೇಲೆ ಕೂತರೂ ಚರ್ಮ ಒಣಗುತ್ತದೆ. ಕೆಲಸ ಬಿಟ್ಟ ಕೂಡಲೇ ತೊಳೆದುಕೊಳ್ಳಿ, ಆದರೆ ಬಟ್ಟೆ ಸೋಪಿನಲ್ಲಲ್ಲ. ಇಷ್ಟೆಲ್ಲ ಮಾಡಿಯೂ ಒಂದು ತಿಂಗಳಲ್ಲಿ ಇಳಿಯದಿದ್ದರೆ ಥೈರಾಯ್ಡ್ ಮತ್ತು ಸಕ್ಕರೆ ನೋಡಿಸಿ. ಎಲ್ಲವನ್ನೂ ಹಾರ್ಮೋನ್ ತಲೆಗೆ ಕಟ್ಟಿ ಸುಮ್ಮನಿರುವುದು ರೋಗಿಗಳ ಅಭ್ಯಾಸವಷ್ಟೇ ಅಲ್ಲ, ಡಾಕ್ಟರಾದ ನಮ್ಮ ಅಭ್ಯಾಸವೂ ಹೌದು. ಸ್ಪೈರೊನೊಲ್ಯಾಕ್ಟೋನ್ ನುಂಗುವವರು ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಲೇಬೇಕು. ಕೊನೆಯ ಸಲ ಯಾವಾಗ ನೋಡಿಸಿದಿರಿ ಎಂದು ನೀವು ಬರೆದಿಲ್ಲ. ಬರೆಯದವರು ಸಾಮಾನ್ಯವಾಗಿ ಮಾಡಿಸಿರುವುದಿಲ್ಲ.

ಪ್ರಶ್ನೆ: ನನಗೆ ಮಾತ್ರೆ ಬದಲು ಎಸ್ಟ್ರಾಡಿಯಾಲ್ ಜೆಲ್ ಕೊಟ್ಟಿದ್ದಾರೆ. ತೋಳಿಗೆ ಹಚ್ಚುತ್ತೇನೆ. ಅದರ ಮೇಲೆ ಲೋಷನ್ ಹಚ್ಚಬಹುದೇ?
— ಕನಕಪುರ

ಉತ್ತರ: ಜೆಲ್ ಮೊದಲು, ಒಣ ಚರ್ಮದ ಮೇಲೆ. ಕನಿಷ್ಠ ಒಂದು ಗಂಟೆ ಬಿಟ್ಟು ಲೋಷನ್. ಮೊದಲೇ ಎಣ್ಣೆ, ಲೋಷನ್ ಬಳಿದಿದ್ದರೆ ಎಷ್ಟು ಔಷಧಿ ಒಳಗೆ ಹೋಯಿತೆಂದು ಲೆಕ್ಕ ಸಿಗುವುದಿಲ್ಲ. ಕೈ ತೊಳೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಹಚ್ಚಿದ ತೋಳಿಗೆ ಅವರು ಮೈ ತಾಗಿಸದಂತೆ ಬಟ್ಟೆ ಮುಚ್ಚಿಕೊಳ್ಳಿ.

ಪ್ರಶ್ನೆ: ವಯಸ್ಸು 22. ಡಾಕ್ಟರ ಹತ್ತಿರ ಹೋಗಲು ನಾಚಿಕೆ. ಗೆಳತಿ ಹೇಳಿದಂತೆ ಮಾಲಾ-ಡಿ ದಿನಕ್ಕೆ ಮೂರು ನುಂಗುತ್ತಿದ್ದೇನೆ, ಜಾಸ್ತಿ ನುಂಗಿದರೆ ಬೇಗ ಹೊಳಪು ಬರುತ್ತದಂತೆ. ಆದರೆ ಕೆನ್ನೆಗೆ ಬಂಗು ಬಂತು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚಿದೆ, ಎರಡು ವಾರ ಹಾಲಿನಂತಾಯಿತು. ಬಿಟ್ಟರೆ ಮುಖ ಕೆಂಪಗೆ ಉರಿಯುತ್ತದೆ. ಈಗ ಮೈಯೆಲ್ಲ ತುರಿಕೆ, ರಾತ್ರಿ ಹೆಚ್ಚು. ಗುಳ್ಳೆ ಏನಿಲ್ಲ. ಒಣ ಚರ್ಮಕ್ಕೆ ಒಳ್ಳೆಯ ಕ್ರೀಮ್ ಹೇಳಿ.
— ರಾಮನಗರ

ಉತ್ತರ: ಕ್ರೀಮ್ ಆಮೇಲೆ. ಮೊದಲು ನಾಳೆ ಬೆಳಿಗ್ಗೆ ಲಿವರ್ ಪರೀಕ್ಷೆ ಮಾಡಿಸಿ. ಬಹಳ ವರ್ಷಗಳ ಹಿಂದೆ ನಿಮ್ಮಂತೆಯೇ ಒಬ್ಬರು, ಗುಳ್ಳೆಯಿಲ್ಲದ ತುರಿಕೆ ಎಂದು ಬಂದರು. ಚಳಿಗಾಲ, ಒಣ ಚರ್ಮ ಎಂದು ಲೋಷನ್ ಬರೆದು ಕಳಿಸಿದೆ. ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಲಿಲ್ಲ. ಹದಿನೈದು ದಿನ ಬಿಟ್ಟು ಬಂದಾಗ ಕಣ್ಣು ಹಳದಿ. ಆ ತಪ್ಪು ನನ್ನದು. ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ ಕೆಲವರಲ್ಲಿ ಪಿತ್ತರಸದ ಹರಿವನ್ನು ತಡೆಯುತ್ತದೆ, ಕಾಮಾಲೆ ಕಾಣುವ ಮೊದಲೇ ತುರಿಕೆ ಶುರುವಾಗುತ್ತದೆ. ಅಂದಿನಿಂದ ಗುಳ್ಳೆಯಿಲ್ಲದ ತುರಿಕೆ ಯಾರಿಗೇ ಬರಲಿ, ನಾನು ರಕ್ತ ತೆಗೆಸದೆ ಬಿಡುವುದಿಲ್ಲ.

ಮಾಲಾ-ಡಿ ಇಂದೇ ನಿಲ್ಲಿಸಿ. ಅದು ಮಕ್ಕಳಾಗದಿರಲೆಂದು ಮಾಡಿದ ಮಾತ್ರೆ. ಅದರಲ್ಲಿರುವುದು ಎಥಿನೈಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ, ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ. ಮೊದಲನೆಯದು ರಕ್ತವನ್ನು ನಾಳದೊಳಗೇ ಹೆಪ್ಪುಗಟ್ಟಿಸುವ ಅಪಾಯದ ಬಾಬತ್ತು. ಅದಕ್ಕೇ ಈ ಚಿಕಿತ್ಸೆಯಲ್ಲಿ ತಿಳಿದವರು ಯಾರೂ ಅದನ್ನು ಬರೆಯುವುದಿಲ್ಲ, ಸಾದಾ ಎಸ್ಟ್ರಾಡಿಯಾಲ್ ಬರೆಯುತ್ತಾರೆ. ಎರಡನೆಯದಕ್ಕೆ ಗಂಡು ಹಾರ್ಮೋನಿನ ಗುಣ ಒಂದಿಷ್ಟಿದೆ. ಅಂದರೆ ನೀವು ಯಾವುದನ್ನು ಕಳೆದುಕೊಳ್ಳಲು ಹೊರಟಿರೋ ಅದನ್ನೇ ದಿನಕ್ಕೆ ಮೂರು ಸಲ ಚೂರುಚೂರು ನುಂಗುತ್ತಿದ್ದೀರಿ! ಇದನ್ನು ಗೆಳತಿಗೂ ಹೇಳಿ. ಬೀಡಿ, ಸಿಗರೇಟು ಇದ್ದರೆ ಅಪಾಯ ಇನ್ನೂ ಹೆಚ್ಚು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ನಾಚಿಕೆ ಬದಿಗಿಟ್ಟು 108ಕ್ಕೆ ಫೋನ್ ಮಾಡಿ.

ಇನ್ನು ಹಾಲಿನಂತೆ ಮಾಡಿದ ಆ ಕ್ರೀಮ್. ಟ್ಯೂಬನ್ನು ತಿರುಗಿಸಿ ಓದಿ. ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಸೋನ್, ಇವುಗಳಲ್ಲಿ ಒಂದು ಹೆಸರು ಇದ್ದೇ ಇರುತ್ತದೆ. ಎಲ್ಲ ಸ್ಟೆರಾಯ್ಡ್. 2018ರಲ್ಲಿ ಸರ್ಕಾರ ಇಂಥ ಹದಿನಾಲ್ಕು ಸ್ಟೆರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಮಾಡಿತು. ಆದರೂ ಕೌಂಟರಿನ ಮೇಲೆ ಶಾಂಪೂ ಪ್ಯಾಕೆಟಿನ ಪಕ್ಕದಲ್ಲೇ ಕೂತಿರುತ್ತವೆ. ಎರಡು ವಾರ ಬೆಳ್ಳಗಾಗುವುದು ನಿಜ. ಆಮೇಲಾಮೇಲೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಬಿಟ್ಟರೆ ಉರಿ, ಹಚ್ಚಿದರೆ ಚಟ. ಹೆಸರು, ವಿಳಾಸ ಇಲ್ಲದ ಬಿಳಿ ಕ್ರೀಮ್‌ಗಳಾದರೆ ಪಾದರಸದ ಭಯವೂ ಇದೆ. ಕೇರಳದ ಕೊಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಮೂತ್ರಪಿಂಡದ ತೊಂದರೆಯಿಂದ ಬಂದವರನ್ನು ವಿಚಾರಿಸಿದಾಗ ಹಲವರು ಅಂಥ ಕ್ರೀಮ್ ಹಚ್ಚುತ್ತಿದ್ದವರೇ. ಗ್ಲುಟಾಥಿಯೋನ್ ಇಂಜೆಕ್ಷನ್ ಬಗ್ಗೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು. ಬೇಡ.

ಹೆಣ್ಣು ಎಂದರೆ ಬೆಳ್ಳಗಿರಬೇಕೆಂದು ನಿಮಗೆ ಹೇಳಿದವರು ಯಾರು? ಎಣ್ಣೆಗೆಂಪು ಎಂಬ ಚೆಂದದ ಮಾತಿರುವ ಭಾಷೆ ನಮ್ಮದು. ನಿಮ್ಮಂತೆಯೇ ಹೆಣ್ಣಾದ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗೆ ದೃಷ್ಟಿ ನಿವಾಳಿಸಿದ್ದನ್ನು ಇಡೀ ದೇಶ ನೋಡಿತು. ಅವರ ಮೈಬಣ್ಣ ಯಾವುದು ಎಂದು ಯಾರಾದರೂ ಕೇಳಿದರೇ?

ಬಂಗಿಗೆ ಕಾರಣ ಈಸ್ಟ್ರೋಜನ್ ಮತ್ತು ಬಿಸಿಲು, ಎರಡೂ. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ, ಒಂದು ಕೊಡೆ. ಮುಖಕ್ಕೆ ಸದ್ಯಕ್ಕೆ ಸನ್‌ಸ್ಕ್ರೀನ್, ವ್ಯಾಸಲೀನ್ ಬಿಟ್ಟು ಬೇರೇನೂ ಬೇಡ. ಉರಿಯುವ ಮುಖವನ್ನು ಚರ್ಮದ ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳೆರಡರಲ್ಲೂ ಚರ್ಮ ವಿಭಾಗವಿದೆ. ಹೋಗುವಾಗ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್, ಟ್ಯೂಬು ಎಲ್ಲ ಕವರಿನಲ್ಲಿ ಹಾಕಿಕೊಂಡು ಹೋಗಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಕವರನ್ನು ಮೇಜಿನ ಮೇಲೆ ಇಟ್ಟುಬಿಡಿ.

ಪ್ರಶ್ನೆ: ಸಾರ್, ನನ್ನ ಎರಡನೇದು ಮಗ ಅಂತ ಸಾಕಿದ್ದು, ಈಗ ಮಗಳಾಗಿ ಮನೆಗೆ ಬಂದಿದೆ. ಮಾತ್ರೆ ನಡೀತಿದೆ. ಮೈಯೆಲ್ಲ ಒಣಗಿ ಗೀರಿದರೆ ಬಿಳಿ ಗೆರೆ ಮೂಡುತ್ತೆ. ಮಾತ್ರೆ ಉಷ್ಣ ಅಂತ ಪಕ್ಕದ ಮನೆಯವರು ಹೇಳಿದರು. ದಿನಾ ಎರಡು ಎಳನೀರು ಕೊಡ್ತಿದ್ದೀನಿ, ವಾರಕ್ಕೊಂದು ಸಲ ಹರಳೆಣ್ಣೆ ಹಚ್ಚಿ ಹಂಡೆ ನೀರು ಹಾಕ್ತೀನಿ. ಸರಿಯಾ?
— ಕನಕಪುರ ತಾಲ್ಲೂಕು

ಉತ್ತರ: ಅಮ್ಮಾ, ಎಣ್ಣೆ ಸರಿ, ಹಂಡೆ ನೀರು ಸ್ವಲ್ಪ ತಪ್ಪು, ಎಳನೀರು ಪೂರಾ ತಪ್ಪು.

ಈ ಉಷ್ಣ ಎಂಬ ಮಾತು ಕೇಳಿದರೆ ನನಗೆ ಉಷ್ಣವಾಗುತ್ತದೆ. ಬಾಯಿಹುಣ್ಣು ಉಷ್ಣ, ಉರಿಮೂತ್ರ ಉಷ್ಣ, ಮೊಡವೆ ಉಷ್ಣ, ಈಗ ಒಣ ಚರ್ಮವೂ ಉಷ್ಣ. ಒಂದೇ ಹೆಸರಿಟ್ಟು ಎಲ್ಲಕ್ಕೂ ಒಂದೇ ಎಳನೀರು. ಬೇರೆಯವರಿಗಾದರೆ ಬಿಡಿ, ಕುಡಿಯಲಿ. ಆದರೆ ಮಗಳು ನುಂಗುತ್ತಿರುವುದು ಸ್ಪೈರೊನೊಲ್ಯಾಕ್ಟೋನ್ ಆದರೆ ಅದು ಪೊಟ್ಯಾಸಿಯಂ ಹೊರಹೋಗದಂತೆ ತಡೆಯುವ ಮಾತ್ರೆ. ಒಂದು ಎಳನೀರಿನಲ್ಲಿ ಒಂದು ಬಾಳೆಹಣ್ಣಿಗೆ ಕಡಿಮೆಯಿಲ್ಲದಷ್ಟು ಪೊಟ್ಯಾಸಿಯಂ ಇರುತ್ತದೆ. ಬಾಗಿಲು ಹಾಕಿದ ಮನೆಗೆ ನೆಂಟರನ್ನು ತುಂಬಿದಂತೆ. ಹೆಚ್ಚಾದರೆ ಹೊಡೆತ ಬೀಳುವುದು ಹೃದಯದ ಬಡಿತಕ್ಕೆ, ಎಷ್ಟೋ ಸಲ ಮುನ್ಸೂಚನೆಯೂ ಕೊಡುವುದಿಲ್ಲ. ಮೂತ್ರಪಿಂಡ ಗಟ್ಟಿಯಿರುವ ಚಿಕ್ಕ ವಯಸ್ಸಿನವರಲ್ಲಿ ಇದು ಅಪರೂಪ ಎನ್ನುವುದೂ ನಿಜ. ಆದರೆ ಮೂತ್ರಪಿಂಡ ಗಟ್ಟಿಯಿದೆ ಎಂದು ನೋಡಿದವರು ಯಾರು? ಪರೀಕ್ಷೆ ಮಾಡಿಸುವ ತನಕ ಎಳನೀರು ನಿಲ್ಲಿಸಿ. ಬಿಪಿಗೆಂದು ಮಾರುವ ಸೋಡಿಯಂ ಕಡಿಮೆಯ ಉಪ್ಪು ಮನೆಯಲ್ಲಿದ್ದರೆ ಅದೂ ಬೇಡ, ಅದರಲ್ಲಿಯೂ ಪೊಟ್ಯಾಸಿಯಂ ಇದೆ. ವಾಂತಿ ಭೇದಿಯಾದ ದಿನ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ.

ಹಂಡೆ ನೀರು ಸುಡುವಷ್ಟು ಇದ್ದರೆ ಚರ್ಮದಲ್ಲಿ ಉಳಿದ ಜಿಡ್ಡೂ ತೊಳೆದು ಹೋಗುತ್ತದೆ. ಮೊಳಕೈ ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗಿದ್ದರೆ ಸಾಕು. ಸೀಗೆಪುಡಿ ತಲೆಗೆ ಮಾತ್ರ, ಮೈಗೆ ಬೇಡ. ಹೀರೆನಾರು, ಬೆನ್ನು ಉಜ್ಜುವ ಕಲ್ಲು ಎತ್ತಿಡಿ. ಸ್ನಾನಕ್ಕೆ ಮೊದಲು ಹಚ್ಚಿದ ಎಣ್ಣೆಯನ್ನೆಲ್ಲ ತೊಳೆದು ಹಾಕುತ್ತೀರಿ. ಸ್ನಾನದ ನಂತರ ನಾಲ್ಕು ಹನಿ ಕೊಬ್ಬರಿ ಎಣ್ಣೆ ತೇವದ ಮೈಗೆ ಸವರಿ, ಅದು ಉಳಿಯುತ್ತದೆ.

ಮಗಳಾಗಿ ಮನೆಗೆ ಬಂದಿದೆ ಎಂದು ಬರೆದಿದ್ದೀರಿ. ಬೆನ್ನಿಗೆ ಕೈ ನಿಲುಕದು, ಅಲ್ಲಿಗೆ ನೀವೇ ಹಚ್ಚಿ.

ಪ್ರಶ್ನೆ: ವಯಸ್ಸು 51. ಫಿಲೇಚರ್‌ನಲ್ಲಿ ಬಿಸಿನೀರಲ್ಲಿ ರೇಷ್ಮೆ ಗೂಡು ಬಿಚ್ಚುವ ಕೆಲಸ. ಮುಟ್ಟು ನಿಂತು ಎರಡು ವರ್ಷ. ಮೈಯೂ ಒಣಗಿದೆ, ಬೆರಳ ಸಂದಿ ಬಿರಿದಿದೆ. ಹೆಣ್ಣಾಗುವವರಿಗೆ ಕೊಡುವ ಹಾರ್ಮೋನ್ ನನಗೂ ಕೊಡ್ತಾರಾ?
— ರಾಮನಗರ

ಉತ್ತರ: ಬರೀ ಚರ್ಮಕ್ಕಾಗಿ ಕೊಡುವುದಿಲ್ಲ. ವಿಚಿತ್ರ ನೋಡಿ, ನಿಮಗೆ ಈಸ್ಟ್ರೋಜನ್ ಇಳಿದು ಚರ್ಮ ಒಣಗಿತು, ಮೇಲಿನವರಿಗೆ ಟೆಸ್ಟೋಸ್ಟಿರೋನ್ ಇಳಿದು ಒಣಗಿತು. ಉಪಚಾರ ಮಾತ್ರ ಒಂದೇ. ಬೆರಳ ಸಂದಿಯದು ಬಿಸಿನೀರಿನ ಗಾಯ. ಒಳಗೆ ಹತ್ತಿಯದು, ಮೇಲೆ ರಬ್ಬರಿನದು, ಎರಡು ಗ್ಲೌಸ್. ಕೆಲಸಕ್ಕೆ ಅಡ್ಡಿ ಎನ್ನುತ್ತೀರಿ, ಗೊತ್ತು. ಹಾಗಾದರೆ ರಾತ್ರಿ ವ್ಯಾಸಲೀನ್ ಮೆತ್ತಿ ಹತ್ತಿ ಗ್ಲೌಸ್ ಹಾಕಿ ಮಲಗಿ. ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಮಾತ್ರೆ ಶುರುವಾಗಿ ಒಂದು ವರ್ಷ, ಗಡ್ಡ ಹೋಗಿಲ್ಲ. ದಿನಾ ಶೇವ್ ಮಾಡಿ ಕೆನ್ನೆ ಒಣಗಿ ಉರಿಯುತ್ತದೆ. ಇನ್ನೊಂದು, ಲ್ಯಾಬಿನವರು ಚೀಟಿಯಲ್ಲಿ ಗಂಡು ಎಂದು ಬರೆದರು. ಹಿಮೋಗ್ಲೋಬಿನ್ 12.6, ಕಡಿಮೆ ಎಂದು ಕೆಂಪಕ್ಷರದಲ್ಲಿ ಬಂದಿದೆ. ಅದಕ್ಕೇ ಚರ್ಮ ಒಣಗಿದೆಯೇ? ಕಬ್ಬಿಣದ ಮಾತ್ರೆ ತಗೊಳ್ಳಲೇ?
— ಮಾಗಡಿ

ಉತ್ತರ: ಗಡ್ಡ ಹಾರ್ಮೋನಿಗೆ ಬಗ್ಗುವುದಿಲ್ಲ, ಬೆಳೆಯುವ ವೇಗ ತಗ್ಗುತ್ತದೆ, ಬೇರು ಉಳಿಯುತ್ತದೆ. ಅದಕ್ಕೆ ಲೇಸರ್, ಇಲ್ಲವೇ ಎಲೆಕ್ಟ್ರಾಲಿಸಿಸ್. ಅಲ್ಲಿಯ ತನಕ ಸ್ನಾನದ ನಂತರ, ಹೊಸ ಬ್ಲೇಡಿನಲ್ಲಿ, ಕೂದಲು ಹೋದ ದಿಕ್ಕಿಗೇ ಒಂದು ಸಲ ಎಳೆಯಿರಿ. ಶೇವಿನ ನಂತರ ಸ್ಪಿರಿಟ್ ವಾಸನೆಯ ಲೋಷನ್ ಬೇಡ, ಸ್ಫಟಿಕದ ಕಲ್ಲೂ ಬೇಡ. ಕೂದಲು ಉದುರಿಸುವ ಕ್ರೀಮನ್ನು ಒಣಗಿದ ಕೆನ್ನೆಗೆ ಹಚ್ಚಿದರೆ ಸುಡುತ್ತದೆ.

ಎರಡನೇ ಪ್ರಶ್ನೆ ಇದಕ್ಕಿಂತ ಮುಖ್ಯ. ಟೆಸ್ಟೋಸ್ಟಿರೋನ್ ಇಳಿದರೆ ಹಿಮೋಗ್ಲೋಬಿನ್ ಹೆಂಗಸರ ಮಟ್ಟಕ್ಕೆ ಇಳಿಯುವುದು ಸಹಜ. ಗಂಡಸರ ಅಳತೆಗೆ 13 ಬೇಕು, ಹೆಂಗಸರಿಗೆ 12. ವರ್ಷದಿಂದ ಚಿಕಿತ್ಸೆಯಲ್ಲಿರುವ ನಿಮ್ಮನ್ನು ಎರಡನೇ ಅಳತೆಯಲ್ಲೇ ನೋಡಬೇಕು. ಆ ಲೆಕ್ಕದಲ್ಲಿ 12.6 ಚೆನ್ನಾಗಿಯೇ ಇದೆ. ಕಬ್ಬಿಣ ನುಂಗಬೇಡಿ, ಚರ್ಮಕ್ಕೂ ಅದಕ್ಕೂ ಇಲ್ಲಿ ಸಂಬಂಧವಿಲ್ಲ. ಲ್ಯಾಬಿನ ಕಂಪ್ಯೂಟರಿಗೆ ಇದೆಲ್ಲ ಗೊತ್ತಾಗದು, ಡಾಕ್ಟರಿಗೆ ನೀವೇ ಹೇಳಬೇಕು. ಚೀಟಿಯಲ್ಲಿ ಯಾವ ಹೆಸರು, ಯಾವ ಲಿಂಗ ಎಂಬುದಕ್ಕೆ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ತೋರಿಸಿ. ಇನ್ನೂ ಮಾಡಿಸಿಲ್ಲದಿದ್ದರೆ ಮಾಡಿಸಿ.

ಹಿಮೋಗ್ಲೋಬಿನ್ ಒಂದನ್ನೇ ಬರೆದಿದ್ದೀರಿ. ಎಸ್ಟ್ರಾಡಿಯಾಲ್, ಟೆಸ್ಟೋಸ್ಟಿರೋನ್, ಪೊಟ್ಯಾಸಿಯಂ, ಲಿವರ್? ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡಿಸಬೇಕಿತ್ತು. ಆ ರಿಪೋರ್ಟುಗಳಿದ್ದರೆ ಜೆರಾಕ್ಸ್ ಕಳಿಸಿ.