ಸುದ್ದಿಯ ಹೊಣೆ

“ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು” ಎಂದು ಹಿರಿಯರು ಹೇಳಿರುವರು. ಕಂಡದ್ದಕ್ಕೇ ಇಷ್ಟು ಎಚ್ಚರ ಬೇಕಾದರೆ, ಕೇಳಿದ ಸುದ್ದಿಗೆ ಎಷ್ಟು ಬೇಕು! ಗಡಿನಾಡಿನವರಾದ ನಮಗೆ ಈ ಮಾತು ವಿಶೇಷವಾಗಿ ಸಲ್ಲುವುದು.

ಉಮರ್ಗಾ, ನಿಲಂಗಾ, ಉದಗೀರಗಳು ಮೊದಲು ಹೈದರಾಬಾದ ಸಂಸ್ಥಾನದಲ್ಲಿದ್ದವು. 1948ರಲ್ಲಿ ರಜಾಕಾರರ ಹಾವಳಿಯಿಂದ ಈ ಪ್ರಾಂತವು ತಲ್ಲಣಿಸಿತ್ತು. ಆಗ ಹೈದರಾಬಾದಿನ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕರಾದ ಶೋಯೆಬುಲ್ಲಾ ಖಾನರು ಆ ಹಿಂಸೆಯನ್ನು ನಿರ್ಭಯವಾಗಿ ಖಂಡಿಸಿದರು. ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದರು. ಅದಕ್ಕಾಗಿ ಆ ವರ್ಷದ ಆಗಸ್ಟಿನಲ್ಲಿ ಪ್ರಾಣವನ್ನೇ ತೆತ್ತರು. ಅವರೂ ಮುಸಲ್ಮಾನರೇ. “ಆ ಮತದವರೆಲ್ಲ ಹೀಗೆಯೇ” ಎಂಬ ಮಾತು ಸುಳ್ಳೆಂಬುದಕ್ಕೆ ಅವರ ಪತ್ರಿಕೆಯೇ ಸಾಕ್ಷಿಯಾಯಿತು. ಇಂಥ ಬರಹವೇ ದ್ವೇಷಕ್ಕೆ ಮದ್ದು.

ಸುದ್ದಿಗೆ ಹೊಣೆಗಾರರಿಲ್ಲದಿದ್ದರೆ ಏನಾಗುವುದೆಂಬುದನ್ನು ಉದಗೀರಕ್ಕೆ ದೂರವಲ್ಲದ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಕಂಡೆವು. 2018ರ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬಂದವರು ಆ ಭಾಗದ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. “ಮಕ್ಕಳ ಕಳ್ಳರು” ಎಂಬ ಗಾಳಿಮಾತು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನರು ದಾರಿಗಟ್ಟಿ ಹೊಡೆದರು. ನಿರಪರಾಧಿಯಾದ ಯುವಕನೊಬ್ಬನು ಮಡಿದನು. ಕಳುವಾದ ಮಗು ಯಾರದು, ಯಾವ ಊರಿನದು ಎಂದು ಮೊದಲೇ ವಿಚಾರಿಸಿದ್ದರೆ ಆ ಜೀವ ಉಳಿಯಬಹುದಿತ್ತು.

ವರದಿಗಾರನ ಕೆಲಸವು ಈ ವಿಚಾರಣೆಯಿಂದಲೇ ಆರಂಭವಾಗುವುದು. 2022ರ ಡಿಸೆಂಬರಿನಲ್ಲಿ ಗಡಿವಿವಾದವು ಕೆರಳಿ, ಬೆಳಗಾವಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅಂಥ ದಿನ “ಗಡಿಯೆಲ್ಲ ಹೊತ್ತಿ ಉರಿಯುತ್ತಿದೆ” ಎಂದು ಬರೆದರೆ ಉರಿಯದ ಊರೂ ಹೊತ್ತಿಕೊಳ್ಳುವುದು. ಕಲ್ಲು ಎಲ್ಲಿ ಬಿತ್ತು, ಎಸೆದವರೆಷ್ಟು ಮಂದಿ, ಯಾವ ಮಾರ್ಗದ ಬಸ್ಸು ನಿಂತಿತು, ಮತ್ತೆ ಯಾವಾಗ ಹೊರಡುವುದು ಎಂದು ತಿಳಿಸುವವನು ಜನರ ಭೀತಿಯನ್ನು ಕಳೆಯುವನು. ನೋವನ್ನು ಮುಚ್ಚಿಡುವುದೂ ತಪ್ಪು. ಮುಚ್ಚಿಟ್ಟಲ್ಲಿ ಗಾಳಿಮಾತು ನುಗ್ಗುವುದು. ಎರಡು ಪಕ್ಷದವರ ದೂರನ್ನೂ ಅವರವರ ಬಾಯಿಂದಲೇ ಕೇಳಿ ಬರೆಯಬೇಕು.

ಆಫ್ರಿಕಾದ ಕಾಂಗೋ ದೇಶವು ಅಂತರ್ಯುದ್ಧದಿಂದ ಒಡೆದಿದ್ದಾಗ, 2002ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ‘ಓಕಾಪಿ’ ಎಂಬ ಬಾನುಲಿ ಕೇಂದ್ರವು ಆರಂಭವಾಯಿತು. ಅದು ಫ್ರೆಂಚಿನಲ್ಲಿಯೂ ನಾಲ್ಕು ದೇಶಭಾಷೆಗಳಲ್ಲಿಯೂ ವಾರ್ತೆಯನ್ನು ಬಿತ್ತರಿಸಿತು. ಎದುರಾಳಿಗಳ ಹಿಡಿತದಲ್ಲಿದ್ದ ಸೀಮೆಗಳ ಜನರು ಒಂದೇ ವಾರ್ತೆಯನ್ನು ಕೇಳುವಂತಾಯಿತು.

ನಮ್ಮ ಮಕ್ಕಳು ಕನ್ನಡ, ಮರಾಠಿಗಳೆರಡನ್ನೂ ಬಲ್ಲರು. ಇದು ದೊಡ್ಡ ಸಂಪತ್ತು. ವಿದ್ಯಾರ್ಥಿಗಳೇ, ವಾರಕ್ಕೊಮ್ಮೆ ಒಂದೇ ಘಟನೆಯನ್ನು ಎರಡೂ ಭಾಷೆಯ ಪತ್ರಿಕೆಗಳಲ್ಲಿ ಓದಿರಿ. ಎರಡರಲ್ಲಿಯೂ ಇರುವುದೇನು, ಒಂದರಲ್ಲಿ ಮಾತ್ರ ಇರುವುದೇನು ಎಂದು ಬರೆದಿಡಿರಿ. ಪಾಲಕರು ಅದನ್ನು ಕುಳಿತು ಕೇಳಲಿ. ಮುರ್ಕಿಯ ದಾರಿಯಲ್ಲಿ ಅಂದು ಯಾರೂ ಕೇಳದ ಪ್ರಶ್ನೆಯನ್ನು ನಾಳೆ ಕೇಳಬಲ್ಲವರು ನಮ್ಮ ಮನೆಗಳಲ್ಲಿಯೇ ಬೆಳೆಯಬೇಕು.