ಗರ್ಭಪಾತ: ಸಹಿ ಯಾರದು, ಗಡುವು ಎಷ್ಟು, ನೆರವು ಎಲ್ಲಿ?

ಪ್ರಶ್ನೆ: ಗರ್ಭಪಾತ ಮಾಡಿಸಿಕೊಳ್ಳಲು ಗಂಡನ ಸಹಿ ಕಡ್ಡಾಯವೇ? ಮದುವೆಯಾಗದವರಿಗೆ ಅವಕಾಶವಿದೆಯೇ?

ಉತ್ತರ: ಗಂಡನ ಸಹಿ ಬೇಕಿಲ್ಲ. ಆಸ್ಪತ್ರೆಗಳಲ್ಲಿ ಎಂಟಿಪಿ ಕಾಯ್ದೆ ಎಂದೇ ಕರೆಯಲಾಗುವ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ, 18 ವರ್ಷ ತುಂಬಿದ ಮಹಿಳೆಯ ಲಿಖಿತ ಒಪ್ಪಿಗೆಯೊಂದೇ ಸಾಕು. ಆಕೆ ಅಪ್ರಾಪ್ತಳಾಗಿದ್ದರೆ ಅಥವಾ ಮಾನಸಿಕ ಅಸ್ವಸ್ಥಳಾಗಿದ್ದರೆ ಮಾತ್ರ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಹೀಗಿದ್ದೂ ‘ಯಜಮಾನರನ್ನು ಕರೆದುಕೊಂಡು ಬನ್ನಿ’ ಎಂದು ಹಿಂದಕ್ಕೆ ಕಳುಹಿಸುವ ಪದ್ಧತಿ ಕೆಲವೆಡೆ ಉಳಿದಿದ್ದು, ಅದಕ್ಕೆ ಕಾನೂನಿನ ಆಧಾರವಿಲ್ಲವೆಂಬುದಕ್ಕಿಂತಲೂ ಅದರಿಂದ ಕಳೆದುಹೋಗುವ ವಾರಗಳೇ ಹೆಚ್ಚು ಹಾನಿಕರ.

ಆದರೆ ಕೇಳಿದ ಮಾತ್ರಕ್ಕೆ ಗರ್ಭಪಾತ ಮಾಡಬೇಕೆಂದೂ ಈ ಕಾಯ್ದೆ ಹೇಳುವುದಿಲ್ಲ. ಗರ್ಭ ಮುಂದುವರಿದರೆ ಮಹಿಳೆಯ ಜೀವಕ್ಕೆ ಅಪಾಯ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ತೀವ್ರ ಹಾನಿ, ಇಲ್ಲವೇ ಹುಟ್ಟುವ ಮಗುವಿಗೆ ಗಂಭೀರ ನ್ಯೂನತೆ ಉಂಟಾಗಬಹುದೆಂದು 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರು ಅಭಿಪ್ರಾಯಪಡಬೇಕು. ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು ಮಾನಸಿಕ ಹಾನಿಯೆಂದೇ ಪರಿಗಣಿಸಲು ಕಾಯ್ದೆ ಅವಕಾಶ ಕೊಡುತ್ತದೆ. 2021ರ ತಿದ್ದುಪಡಿಯು ಈ ಭಾಗದಲ್ಲಿದ್ದ ‘ಗಂಡ’ ಎಂಬ ಪದವನ್ನು ‘ಸಂಗಾತಿ’ ಎಂದು ಬದಲಿಸಿದ್ದರಿಂದ ಇದು ಅವಿವಾಹಿತರಿಗೂ ಅನ್ವಯಿಸುತ್ತದೆ. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕಿದ್ದು, ಅತ್ಯಾಚಾರ ಸಂತ್ರಸ್ತೆಯರು, ಅಪ್ರಾಪ್ತೆಯರು, ಗರ್ಭಾವಸ್ಥೆಯಲ್ಲಿ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು ಮೊದಲಾದ ಕೆಲವು ವರ್ಗಗಳಿಗೆ ಮಾತ್ರ ಈ ಅವಕಾಶವಿದೆ. ಅವಿವಾಹಿತರನ್ನು ಇದರಿಂದ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ನೀಡಿತು. 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ನ್ಯೂನತೆ ಕಂಡುಬಂದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ.

ಪ್ರಶ್ನೆ: ಔಷಧ ಅಂಗಡಿಯಿಂದ ಕಿಟ್ ತಂದು ಮನೆಯಲ್ಲೇ ನುಂಗಿದರೆ ಆಗದೇ?

ಉತ್ತರ: ಕಿಟ್‌ನಲ್ಲಿರುವುದು ಒಂದು ಮಿಫೆಪ್ರಿಸ್ಟೋನ್ ಮತ್ತು ನಾಲ್ಕು ಮಿಸೊಪ್ರೊಸ್ಟಾಲ್ ಮಾತ್ರೆಗಳು. ಮೊದಲನೆಯದು ಗರ್ಭವನ್ನು ಪೋಷಿಸುವ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಒಂದೆರಡು ದಿನಗಳ ನಂತರ ಬಳಸುವ ಎರಡನೆಯದು ಗರ್ಭಕೋಶವನ್ನು ಸಂಕುಚಿಸಿ, ಒಳಗಿರುವುದನ್ನು ಹೊರಹಾಕುತ್ತದೆ. ಮಾತ್ರೆಗಳು ಪರಿಣಾಮಕಾರಿಯೂ ಸುರಕ್ಷಿತವೂ ಹೌದು. ತೊಂದರೆಯಾಗುವುದು ಹೆಚ್ಚಾಗಿ ತಪಾಸಣೆಯಿಲ್ಲದೆ, ವಾರದ ಲೆಕ್ಕ ತಪ್ಪಿ ಅವುಗಳನ್ನು ತೆಗೆದುಕೊಂಡಾಗ. ಭಾರತದ ನಿಯಮಗಳು ವೈದ್ಯರ ಚೀಟಿಯ ಮೇರೆಗೆ 9 ವಾರದವರೆಗೆ ಈ ಮಾತ್ರೆಗಳಿಗೆ ಅವಕಾಶ ನೀಡುತ್ತವೆ. ಆ ವಾರಗಳನ್ನು ಎಣಿಸಬೇಕಾದದ್ದು ಕೂಡಿದ ದಿನದಿಂದಲೋ ಮುಟ್ಟು ತಪ್ಪಿದ ದಿನದಿಂದಲೋ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಹೀಗಾಗಿ ಮುಟ್ಟು ಒಂದು ವಾರ ತಡವಾಗಿದೆ ಎನ್ನುವ ಹೊತ್ತಿಗೆ ಸಾಮಾನ್ಯವಾಗಿ 5 ವಾರಗಳು ಕಳೆದಿರುತ್ತವೆ.

ಭ್ರೂಣ ಗರ್ಭಕೋಶದ ಬದಲು ಗರ್ಭನಾಳದಲ್ಲಿ ಬೆಳೆಯುತ್ತಿದ್ದರೆ ಈ ಮಾತ್ರೆಗಳು ಅದನ್ನು ಕೊನೆಗೊಳಿಸುವುದಿಲ್ಲ, ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ತೀವ್ರ ರಕ್ತಹೀನತೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು, ವಂಕಿ ಅಂದರೆ ಕಾಪರ್-ಟಿ ಇರುವವರು ವೈದ್ಯರನ್ನು ಕಾಣದೆ ಈ ಮಾತ್ರೆಗಳನ್ನು ಮುಟ್ಟಬಾರದು. ಹೊಟ್ಟೆ ನುಲಿತ ಮತ್ತು ಮುಟ್ಟಿಗಿಂತ ಹೆಚ್ಚಿನ ಸ್ರಾವ ನಿರೀಕ್ಷಿತವೇ; ಆದರೆ ಗಂಟೆಗೆ ಎರಡು ಪ್ಯಾಡ್ ಪೂರ್ತಿ ತೊಯ್ಯುವಂತೆ ಎರಡು ಗಂಟೆ ಸತತವಾಗಿ ರಕ್ತ ಹೋದರೆ, ಒಂದು ದಿನ ದಾಟಿದರೂ ಜ್ವರ ಇಳಿಯದಿದ್ದರೆ, ಸ್ರಾವ ದುರ್ವಾಸನೆ ಬೀರಿದರೆ ಅಥವಾ ತಲೆಸುತ್ತಿ ಬಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಪಪ್ಪಾಯಿ, ಕಷಾಯ, ಕಡ್ಡಿ ಹಾಕಿಸುವುದು ಇವುಗಳಲ್ಲಿ ಮೊದಲೆರಡು ನಿರುಪಯೋಗಿ, ಮೂರನೆಯದು ಮಾರಕ.

ಪ್ರಶ್ನೆ: ಗರ್ಭ ತೆಗೆಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬುದು ನಿಜವೇ?

ಉತ್ತರ: ಸುರಕ್ಷಿತವಾಗಿ ನಡೆದರೆ ನಿಜವಲ್ಲ, ಸೋಂಕಿನಂಥ ತೊಡಕಾದರೆ ಮಾತ್ರ ಆ ಅಪಾಯ ಉಂಟು. ಮೊದಲ ಮೂರು ತಿಂಗಳಲ್ಲಿ ಕೈಯಿಂದಲೇ ನಡೆಸುವ ಸಿರಿಂಜಿನಿಂದ ಹೀರಿ ತೆಗೆಯುವ ನಿರ್ವಾತ ವಿಧಾನಕ್ಕೆ ಕೆಲವೇ ನಿಮಿಷ ಸಾಕಾಗುತ್ತದೆ. ಹಳೆಯ ಕೆರೆಯುವ ವಿಧಾನವನ್ನು, ಅಂದರೆ ಡಿ ಅಂಡ್ ಸಿಯನ್ನು, ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಮುಂದಿನ ಮುಟ್ಟಿಗೆ ಮೊದಲೇ ಮತ್ತೆ ಗರ್ಭ ನಿಲ್ಲಬಹುದಾದ್ದರಿಂದ ಗರ್ಭನಿರೋಧಕದ ಮಾತನ್ನು ಅಂದೇ ಆಡಬೇಕು.

ಪ್ರಶ್ನೆ: ವಿಷಯ ಹೊರಗೆ ಹೋಗದಂತೆ ಎಲ್ಲಿ ನೆರವು ಪಡೆಯಬಹುದು?

ಉತ್ತರ: ಸರ್ಕಾರಿ ಆಸ್ಪತ್ರೆಗಳಿಗೆ ಇದಕ್ಕಾಗಿ ಪ್ರತ್ಯೇಕ ಪರವಾನಗಿ ಬೇಕಿಲ್ಲ, ಖಾಸಗಿ ಆಸ್ಪತ್ರೆಯಲ್ಲಾದರೆ ಜಿಲ್ಲಾ ಸಮಿತಿಯ ಅನುಮತಿ ಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಮಹಿಳೆಯ ಹೆಸರು, ವಿವರಗಳನ್ನು ಕಾನೂನು ಹೇಳಿದವರಿಗಲ್ಲದೆ ಬೇರೆಯವರಿಗೆ ತಿಳಿಸುವ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪ್ರಾಪ್ತೆಯ ವಿಷಯವನ್ನು, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕಾದರೂ, ಆಕೆ ಮತ್ತು ಪೋಷಕರು ಕೋರಿದರೆ ಗುರುತನ್ನು ಬಿಟ್ಟುಕೊಡಬೇಕಿಲ್ಲವೆಂದು 2022ರ ಅದೇ ತೀರ್ಪು ಹೇಳಿದೆ.

2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾದಂಥ ಪ್ರಕರಣಗಳನ್ನು ನೋಡಿ, ಗರ್ಭಪಾತವೆಂದರೆ ಅಪರಾಧವೇ ಎಂದು ಭಾವಿಸುವವರಿದ್ದಾರೆ. ಲಿಂಗ ಪತ್ತೆಯನ್ನು ನಿಷೇಧಿಸಿರುವುದು 1994ರ ಬೇರೆಯೇ ಕಾಯ್ದೆ. ಅದು ಎಂಟಿಪಿ ಕಾಯ್ದೆಯಡಿಯ ಚಿಕಿತ್ಸೆಗೆ ಅಡ್ಡಿಯಲ್ಲ.

ಆರೋಗ್ಯ ಮಾಹಿತಿಗೆ 104, ಹಿಂಸೆ ಅಥವಾ ಒತ್ತಾಯವಿದ್ದಲ್ಲಿ ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಮನಸ್ಸು ಕುಗ್ಗಿದಾಗ ಟೆಲಿ-ಮನಸ್‌ನ 14416 ಸಂಖ್ಯೆಗಳಿವೆ. ಪತ್ರಿಕೆಗೆ ಬರೆದು ಉತ್ತರಕ್ಕಾಗಿ ಕಾಯುವ ಬದಲು, ಮುಟ್ಟು ತಪ್ಪಿದ ವಾರದಲ್ಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗುವುದು ಒಳಿತು.