ಕದಲದ ಪಾದರಸ, ಶುದ್ಧವಲ್ಲದ ದ್ರವ

ಕೆಲವು ದ್ರವಮಿಶ್ರಣಗಳು ಒಂದೇ ಶುದ್ಧ ದ್ರವದಂತೆ ಕುದಿಯುತ್ತವೆ. ಕುದಿಯುವಷ್ಟು ಹೊತ್ತೂ ಉಷ್ಣತೆ ಬದಲಾಗುವುದಿಲ್ಲ. ಮೇಲೇಳುವ ಆವಿಯಲ್ಲೂ ಕೆಳಗುಳಿದ ದ್ರವದಲ್ಲೂ ಘಟಕಗಳ ಪ್ರಮಾಣ ಒಂದೇ ಇರುತ್ತದೆ. ಇವೇ ಅಜಿಯೋಟ್ರೋಪ್‌ಗಳು. ಬಟ್ಟಿ ಇಳಿಸುವವರಿಗೆ ಇವು ಕಲಿಸುವ ಮೊದಲ ಪಾಠ: ಕುದಿಬಿಂದು ಸ್ಥಿರವಾಗಿದೆ ಎಂದ ಮಾತ್ರಕ್ಕೆ ದ್ರವ ಶುದ್ಧವೆಂದು ನಂಬುವಂತಿಲ್ಲ.

ಎಥನಾಲ್ ಮತ್ತು ನೀರಿನ ಜೋಡಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಸಮುದ್ರಮಟ್ಟದಲ್ಲಿ ಶುದ್ಧ ಎಥನಾಲ್ 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ತೂಕದಲ್ಲಿ ಸುಮಾರು 95.6% ಎಥನಾಲ್ ಇರುವ ಮಿಶ್ರಣ 78.2 ಡಿಗ್ರಿಯಲ್ಲೇ ಕುದಿಯುತ್ತದೆ. ಥರ್ಮಾಮೀಟರಿನ ಪಾದರಸ ಕದಲದೆ ನಿಲ್ಲುತ್ತದೆ, ಹನಿಗಳು ಒಂದೇ ಲಯದಲ್ಲಿ ಬೀಳುತ್ತವೆ. ಆದರೆ ಹಾಗೆ ಇಳಿದ ಸ್ಪಿರಿಟ್‌ಗೆ ನೀರು ಕಳೆದುಕೊಂಡ ಬಿಳಿ ಮೈಲುತುತ್ತದ ಪುಡಿ ಹಾಕಿದರೆ ಪುಡಿ ನೀಲಿಗೆ ತಿರುಗುತ್ತದೆ; ನೀರು ಇನ್ನೂ ಉಳಿದಿದೆ. ಪ್ರಯೋಗಾಲಯದಲ್ಲಿ ಈ ಲೇಖಕನಿಗೆ ಥರ್ಮಾಮೀಟರಿಗಿಂತ ಹೆಚ್ಚು ನೆಚ್ಚಿಕೆಯಾದದ್ದು ಈ ಸರಳ ಪರೀಕ್ಷೆ.

ಎರಡನೆಯ ಪಾಠ ಅಣುಗಳ ಸೆಳೆತದ್ದು. ಎಥನಾಲ್ ಮತ್ತು ನೀರಿನ ಅಣುಗಳು ಬೆರೆತಾಗ ಅವುಗಳ ಹಿಡಿತ ಸಡಿಲಾಗಿ, ರೌಲ್ಟ್ ನಿಯಮ ಹೇಳುವುದಕ್ಕಿಂತ ಹೆಚ್ಚು ಆವಿಯೊತ್ತಡ ಉಂಟಾಗುತ್ತದೆ, ಕುದಿಬಿಂದು ತಗ್ಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಅಯಾನುಗಳು ನೀರನ್ನು ಬಿಗಿಯಾಗಿ ಹಿಡಿಯುತ್ತವೆ. ತೆಳು ಆಮ್ಲವನ್ನು ಕುದಿಸಿದರೆ ನೀರು ಹೆಚ್ಚಾಗಿ ಹೊರಡುತ್ತದೆ, ಗಾಢ ಆಮ್ಲವನ್ನು ಕುದಿಸಿದರೆ ಅನಿಲ ಹೆಚ್ಚಾಗಿ ಹೊರಡುತ್ತದೆ. ಎರಡೂ ಕೊನೆಗೆ ಬಂದು ಸೇರುವುದು ಸುಮಾರು 20.2% ಆಮ್ಲವಿರುವ, 108.6 ಡಿಗ್ರಿಯಲ್ಲಿ ಕುದಿಯುವ ಮಿಶ್ರಣಕ್ಕೆ.

ಇಷ್ಟು ನಿಶ್ಚಿತವಾಗಿ ವರ್ತಿಸಿದರೂ ಅಜಿಯೋಟ್ರೋಪ್ ಸಂಯುಕ್ತವಲ್ಲ. ಒತ್ತಡ ಬದಲಾದರೆ ಅದರ ಸಂಯೋಜನೆಯೂ ಬದಲಾಗುತ್ತದೆ ಎಂದು 1860ರ ಸುಮಾರಿಗೆ ಹೆನ್ರಿ ರಾಸ್ಕೋ ಮತ್ತು ವಿಲಿಯಂ ಡಿಟ್‌ಮಾರ್ ಆಮ್ಲಗಳಲ್ಲಿ ತೋರಿಸಿದರು. ಆದ್ದರಿಂದ ಒತ್ತಡವನ್ನು ಬರೆದಿಡದ ಕುದಿಬಿಂದುವಿಗೆ ಬೆಲೆಯಿಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇದೇ ಸ್ಪಿರಿಟ್ ಪುಸ್ತಕದ ಅಂಕಿಗಿಂತ ಎರಡು–ಮೂರು ಡಿಗ್ರಿ ಕೆಳಗೇ ಕುದಿಯುತ್ತದೆ. ಅದು ಉಪಕರಣದ ದೋಷವಲ್ಲ.

ಕೊನೆಯ ಪಾಠ ಬಿಡುಗಡೆಯ ದಾರಿಯದ್ದು. ಅದೇ ಒತ್ತಡದಲ್ಲಿ ಎಷ್ಟು ಸಲ ಬಟ್ಟಿ ಇಳಿಸಿದರೂ, ಕಾಲಮ್ ಎಷ್ಟು ಎತ್ತರಿಸಿದರೂ ಸ್ಪಿರಿಟ್ ಅಜಿಯೋಟ್ರೋಪ್‌ನ ಗಡಿ ದಾಟದು. ಒತ್ತಡವನ್ನು ಸುಮಾರು 70 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿಸಿದರೆ ಎಥನಾಲ್–ನೀರಿನ ಅಜಿಯೋಟ್ರೋಪ್ ಇಲ್ಲವಾಗುತ್ತದೆ. ಸಿಡ್ನಿ ಯಂಗ್ 1902ರಲ್ಲಿ ಬೆಂಜೀನ್ ಬೆರೆಸಿ ಬೇರೆ ದಾರಿ ತೋರಿಸಿದರು: ಮೂರೂ ಸೇರಿದ ಮಿಶ್ರಣ ಸುಮಾರು 65 ಡಿಗ್ರಿಯಲ್ಲೇ ಕುದಿದು ನೀರನ್ನು ಹೊತ್ತೊಯ್ಯುತ್ತದೆ. ಬೆಂಜೀನ್ ಕ್ಯಾನ್ಸರ್‌ಕಾರಕವಾದ್ದರಿಂದ ಸೈಕ್ಲೋಹೆಕ್ಸೇನ್ ಆ ಜಾಗಕ್ಕೆ ಬಂತು. ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್ ತಯಾರಿಸುವ ಡಿಸ್ಟಿಲರಿಗಳಲ್ಲಿ ರೆಕ್ಟಿಫೈಡ್ ಸ್ಪಿರಿಟ್‌ನ ಆವಿಯನ್ನು ಮಾಲಿಕ್ಯುಲರ್ ಸೀವ್ ಮೂಲಕ ಹಾಯಿಸುವುದು ರೂಢಿ. ಅದರ 0.3 ನ್ಯಾನೊಮೀಟರ್ ರಂಧ್ರಗಳೊಳಗೆ ನೀರಿನ ಅಣು ಹೊಗುತ್ತದೆ, ಎಥನಾಲ್ ಅಣು ಹೊಗದು. ಕುದಿಬಿಂದುವಿನಿಂದ ಬೇರ್ಪಡದ್ದು ಅಣುವಿನ ಗಾತ್ರದಿಂದ ಬೇರ್ಪಡುತ್ತದೆ.